ಕದ ತಟ್ಟುವ ಪಾಳಿಯಿಂದ ನಿರ್ಮಾಪಕರಿಗೆ

ರಂಗಭೂಮಿಗೆ ಮರಳಲು ಒಪ್ಪಿ ನಮ್ಮನ್ನೆಲ್ಲ ಧನ್ಯರನ್ನಾಗಿಸಿದ ಮಾನ್ಯ ನಿರ್ಮಾಪಕರ ಸನ್ನಿಧಿಗೆ,

ಮಾನ್ಯರೇ,

ನಾಟಕಶಾಲೆಯ ಹಿಂಬದಿಯಲ್ಲಿ, ಹೊಲಿಗೆ ಯಂತ್ರಕ್ಕೂ ಇಸ್ತ್ರಿ ಮೇಜಿಗೂ ನಡುವೆ ಒಬ್ಬಳು ಕೂರುವಷ್ಟೇ ಜಾಗವಿರುವ ಉಡುಪಿನ ಕೋಣೆಯಿಂದ, ಎಲ್ಲರ ಬಾಯಲ್ಲಿ ಸೂಜಿಯಕ್ಕ ಎನಿಸಿಕೊಂಡಿರುವ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಪತ್ರಿಕೆಯಲ್ಲಿ ಓದಿ ತಿಳಿದೆವು. ನಾವೂ ಕ್ಷೇಮ. ತಾವಿಲ್ಲದ ಎರಡು ವರ್ಷಗಳಲ್ಲಿ ನಾವು ಎಷ್ಟು ಕ್ಷೇಮವಾಗಿದ್ದೆವು ಎಂಬುದನ್ನು ವಿವರವಾಗಿ ಬರೆದರೆ ತಮ್ಮ ಮನಸ್ಸಿಗೆ ನೋವಾದೀತೆಂದು ಅಷ್ಟಕ್ಕೇ ನಿಲ್ಲಿಸಿದ್ದೇನೆ.

ತಮ್ಮ ಸ್ವಾಗತ ಸಮಾರಂಭಕ್ಕೆ ನೇಪಥ್ಯದ ಸಿಬ್ಬಂದಿಯೆಲ್ಲ ನಗುಮುಖದಿಂದ ಹಾಜರಿರತಕ್ಕದ್ದು ಎಂದು ಆಡಳಿತ ಸಮಿತಿಯವರು ಮೆಟ್ಟಿಲ ಬಳಿಯ ಗೋಡೆಗೆ ಸೂಚನೆ ಅಂಟಿಸಿದ್ದಾರೆ. ಹಾಜರಾಗುವುದೇನೋ ಕಷ್ಟವಲ್ಲ, ಸಂಬಳಕ್ಕಿರುವವರು ನಾವು. ಆದರೆ ನಗುಮುಖ ಎಂಬುದು ನನ್ನ ಪೆಟ್ಟಿಗೆಯಲ್ಲಿರುವ ಕಿರೀಟ, ಕೋಟುಗಳ ಹಾಗೆ ಬೇಕೆಂದಾಗ ತೆಗೆದು ತೊಡಿಸುವ ವಸ್ತುವಲ್ಲವಾದ್ದರಿಂದ, ಅದು ನಮ್ಮ ಮುಖದ ಮೇಲೆ ತಾನಾಗಿ ಬರಬೇಕಾದರೆ ತಮ್ಮಿಂದ ಒಂದೆರಡು ಸಣ್ಣ ಉಪಕಾರಗಳಾಗಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಮೊದಲಿಗೆ ಅಭಿನಂದನೆ. ತಮ್ಮ ಸಂದರ್ಶನವನ್ನು ಬಡಗಿ ಮಾವ ರಂಗದ ಮೇಲೆ ನಿಂತು ಗಟ್ಟಿಯಾಗಿ ಓದಿದರು, ನಾವೆಲ್ಲ ಕೆಳಗೆ ಕುಳಿತು ಕೇಳಿದೆವು. ಈ ಎರಡು ವರ್ಷಗಳಲ್ಲಿ ತಾವು ಇತರರ ಮಾತನ್ನು ಕೇಳಿಸಿಕೊಳ್ಳುವುದನ್ನು ಕಲಿತಿರೆಂದು, ಸಂದರ್ಶಕರಿಗೆ ಎರಡನೆಯ ಪ್ರಶ್ನೆ ಕೇಳಲು ಬಿಡದೆ, ಎರಡು ಪುಟ ತುಂಬ ಹೇಳಿದ್ದೀರಿ. ಕಲೆಯ ಕ್ಷಮೆ ಕೇಳಿದ್ದೀರಿ, ಪ್ರೇಕ್ಷಕರ ಕ್ಷಮೆ ಕೇಳಿದ್ದೀರಿ, ತಮ್ಮದೇ ಒಳಗಿನ ಮಗುವಿನ ಕ್ಷಮೆಯನ್ನೂ ಕೇಳಿದ್ದೀರಿ. ಆ ಮಗು ಕ್ಷಮಿಸಿತಂತೆ, ಓದಿ ನಮಗೆಲ್ಲ ಸಮಾಧಾನವಾಯಿತು. ಜೊತೆಗಿರುವ ಚಿತ್ರದಲ್ಲಿ ಗಲ್ಲಕ್ಕೆ ಕೈಯಿಟ್ಟು ಕೆಳಗೆ ನೋಡುತ್ತಿದ್ದೀರಿ. ಪಶ್ಚಾತ್ತಾಪವೆಂದು ಕೆಳಗೆ ಬರೆದಿರದಿದ್ದರೆ ಹಲ್ಲುನೋವೆಂದುಕೊಳ್ಳುತ್ತಿದ್ದೆವು.

ಇನ್ನು ತಮ್ಮ ಹಳೆಯ ಕೋಣೆಯ ವಿಷಯ. ಈ ಪತ್ರ ಬಹಿರಂಗವಾಗಿರುವುದರಿಂದ, ನಮ್ಮನ್ನರಿಯದ ಓದುಗರಿಗಾಗಿ ಹೇಳಿಬಿಡುತ್ತೇನೆ. ಪಾತ್ರದ ಆಳ ಚರ್ಚಿಸಬೇಕೆಂದು ಹೊಸ ನಟಿಯರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆಸಿಕೊಂಡು, ಕದ ಮುಂದೆ ಮಾಡಿ, ಅವರ ಭುಜ, ಬೆನ್ನು, ನಿಲುವುಗಳನ್ನು ಕೈಯಾರೆ ತಿದ್ದುವ ಪದ್ಧತಿ ತಮ್ಮದಾಗಿತ್ತು. ನಟರಿಗೆ ಯಾಕೋ ಆಳದ ಅಗತ್ಯ ಬೀಳುತ್ತಿರಲಿಲ್ಲ. ಹೊರಬರುವ ಹುಡುಗಿಯರ ಮುಖವನ್ನು ನಾವು ದಿನವೂ ನೋಡುತ್ತಿದ್ದೆವು. ಸಮಿತಿಗೆ ಹೇಳಿದೆವು, ಅವರು ಗಂಭೀರವಾಗಿ ಪರಿಗಣಿಸಿದರು, ಪರಿಗಣಿಸುತ್ತಲೇ ಇದ್ದರು. ಆಗ ಹುಟ್ಟಿದ್ದು ಕದ ತಟ್ಟುವ ಪಾಳಿ.

ತಮಗಿದು ತಿಳಿದಿರಲಾರದು. ತಮ್ಮ ಕೋಣೆಯ ಕದ ಮುಚ್ಚಿದ ಸದ್ದು ಕೇಳಿದೊಡನೆ ನಮ್ಮಲ್ಲಿ ಸರದಿ ಬಂದವರು ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಬಡಗಿ ಮಾವ ಟೇಪು ಹಿಡಿದು ತಮ್ಮ ಕಿಟಕಿ ಅಳೆಯಲು ಬರುತ್ತಿದ್ದರಲ್ಲ, ಆ ಕಿಟಕಿಯಷ್ಟು ಅಳೆಸಿಕೊಂಡ ಕಿಟಕಿ ಲೋಕದಲ್ಲಿ ಇನ್ನೊಂದಿರಲಾರದು. ಬೆಳಕಿನ ವಿಭಾಗದ ಅಣ್ಣ ಚೆನ್ನಾಗಿ ಉರಿಯುತ್ತಿದ್ದ ಬಲ್ಬನ್ನು ಬಿಚ್ಚಿ, ಒರೆಸಿ, ಅದನ್ನೇ ಮತ್ತೆ ಹಾಕುತ್ತಿದ್ದರು. ನನ್ನ ಸರದಿ ಬಂದಾಗ ನಾನು ತಮ್ಮ ಸೊಂಟದ ಅಳತೆ ತೆಗೆದುಕೊಳ್ಳುತ್ತಿದ್ದೆ. ರಂಗದ ಮೇಲೆ ಕಾಲೇ ಇಡದ ನಿರ್ಮಾಪಕರಿಗೆ ವೇಷಭೂಷಣ ಯಾಕೆಂದು ತಾವು ಒಂದು ದಿನವೂ ಕೇಳಲಿಲ್ಲ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದಿರಿ, ಅಷ್ಟರಲ್ಲಿ ಹುಡುಗಿ ಹೊರಗೆ ಹೋಗಿರುತ್ತಿದ್ದಳು. ಬೇರೆ ನಾಟಕಶಾಲೆಗಳಲ್ಲಿ ಬಡಗಿಗೂ ಬೆಳಕಿನವರಿಗೂ ಹಾವು ಮುಂಗುಸಿಯ ಸಂಬಂಧವಿರುವಾಗ ನಮ್ಮಲ್ಲಿ ಇಷ್ಟು ಒಗ್ಗಟ್ಟು ಬೆಳೆದದ್ದು ತಮ್ಮ ಕೃಪೆಯಿಂದಲೇ ಎಂಬುದನ್ನು ನಾವು ಮರೆಯುವಂತಿಲ್ಲ.

ಆದರೆ ತಾವೂ ಕಡಿಮೆಯವರಲ್ಲ. ಒಂದು ದಿನ ನಮ್ಮನ್ನೆಲ್ಲ ಒಟ್ಟಿಗೆ ಊರಾಚೆಯ ಉಗ್ರಾಣಕ್ಕೆ ಹಳೆಯ ಪರದೆಗಳ ಧೂಳು ಕೊಡವಲು ಕಳುಹಿಸಿದಿರಿ. ನಾವು ಧೂಳು ಕೊಡವುತ್ತಿರುವಾಗ ಇಲ್ಲಿ ತಾವು ಚೂಟಿಯನ್ನು ಕರೆಸಿ ಚಿಲಕ ಹಾಕಿಕೊಂಡಿರಿ. ಚೂಟಿ ನಮ್ಮ ಕಂಪನಿಯ ಎಲ್ಲರಿಗಿಂತ ಚಿಕ್ಕ ನಟಿ, ಮಾತಿಗೆ ನಿಂತರೆ ಅರಳು ಹುರಿದಂತೆ. ಕೊನೆಯ ಸಾಲಿಗೆ ಕೇಳದ ಮಾತು ಮಾತೇ ಅಲ್ಲವೆಂದು ಅವಳಿಗೆ ದಿನವೂ ಪಾಠ ಹೇಳಿದವರು ತಾವೇ. ಆ ಪಾಠವನ್ನು ಅವಳು ಅಂದು ಒಪ್ಪಿಸಿದಳು. ಕಿಟಕಿ ತೆರೆದು, ಎದೆ ತುಂಬ ಉಸಿರು ತೆಗೆದುಕೊಂಡು, "ನಿರ್ಮಾಪಕರು ಚಿಲಕ ಹಾಕ್ಕೊಂಡು ನನ್ನ ಕೈ ಹಿಡ್ಕೊಂಡಿದಾರೆ, ಬಿಡಿ ಅಂದ್ರೆ ಬಿಡ್ತಿಲ್ಲ, ಯಾರಾದ್ರೂ ಬನ್ನಿ!" ಎಂದಳಂತೆ. ಎದುರಿನ ಔಷಧಿ ಅಂಗಡಿಯವರು ಬಂದರು, ಸೈಕಲ್ ರಿಪೇರಿಯವರು ಸ್ಪ್ಯಾನರ್ ಸಮೇತ ಬಂದರು, ಹೇರ್ ಕಟಿಂಗ್ ಅಂಗಡಿಯಿಂದ ಒಬ್ಬರು ಅರ್ಧ ಕತ್ತರಿಸಿದ ತಲೆಯಲ್ಲೇ ಬಂದರು. ತಮ್ಮ ನಿರ್ಮಾಣದ ಯಾವ ನಾಟಕಕ್ಕೂ ಜನ ಹಾಗೆ ಓಡಿ ಬಂದದ್ದನ್ನು ನಾನು ಕಂಡಿಲ್ಲ.

ಅವಳು ಬಾಯಿ ಬಿಟ್ಟ ಮೇಲೆ ಉಳಿದ ಹೆಣ್ಣುಮಕ್ಕಳೂ ಬಾಯಿ ಬಿಟ್ಟರು. ವಿಚಾರಣೆ ನಡೆಯಿತು, ಎಲ್ಲವೂ ನಿಜವೆಂದಾಯಿತು, ತಾವು ಆರೋಗ್ಯದ ಕಾರಣದಿಂದ ವಿಶ್ರಾಂತಿ ಪಡೆಯುತ್ತಿರುವುದಾಗಿ ಸಮಿತಿಯವರು ಪ್ರಕಟಿಸಿದರು. ತಮ್ಮ ಜೊತೆಗೇ ಚೂಟಿಯೂ ಹೊರಗಾದಳು. ತಾವು ಹೊರಟದ್ದು ಸಮುದ್ರದಂಡೆಯ ಮನೆಗೆ, ಮಣ್ಣಿನ ಮಡಕೆ ಮಾಡಲು. ಅವಳನ್ನು ಯಾರೂ ಹೋಗೆನ್ನಲಿಲ್ಲ, ಬಾ ಎನ್ನುವುದನ್ನು ಮಾತ್ರ ಬಿಟ್ಟರು. ಬೇರೆ ಕಂಪನಿಗಳವರೂ ಅವಳ ಅಭಿನಯ ನೋಡಿ ತಲೆದೂಗಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನಟಿ ಒಳ್ಳೆಯವಳೇ, ಆದ್ರೆ ಬಾಯಿ ಸ್ವಲ್ಪ ಜೋರು" ಎಂದು ಕಳುಹಿಸಿಕೊಟ್ಟರು. ಈಗ ಅವಳು ಬಸ್ ನಿಲ್ದಾಣದಲ್ಲಿ ಬಸ್ಸುಗಳು ಹೊರಡುವ ಹೊತ್ತನ್ನು ಮೈಕಿನಲ್ಲಿ ಕೂಗುತ್ತಾಳೆ. ತಡವಾಗಿ ಬರುವ ಬಸ್ಸಿನ ಸುದ್ದಿಯನ್ನು ಅವಳು ಹೇಳುವ ರೀತಿಗೆ ಪ್ರಯಾಣಿಕರು ಸಿಟ್ಟು ಮರೆತು ಬಸ್ಸಿಗೆ ಏನಾಯಿತೋ ಪಾಪ ಎಂದು ಮರುಗುತ್ತಾರೆ. ಕೇಳಿದವರಿಗೆ ನಗು ಬರುತ್ತದೆ, ನನಗೂ ಬರುತ್ತಿತ್ತು. ಆದರೆ ತಮ್ಮ ಸ್ವಾಗತಕ್ಕೆ ಹೂಗುಚ್ಛ ತರಿಸಿರೆಂದು ಸಮಿತಿಯವರು ನನಗೇ ಹೇಳಿದ ದಿನ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ತಪ್ಪು ಮಾಡಿದವರಿಗೆ ಮರಳಿ ಬರಲು ಹೂವು ಹಾಸುತ್ತಾರೆ, ತಪ್ಪನ್ನು ಹೇಳಿದವಳಿಗೆ ಬಾಗಿಲಲ್ಲಿ ನಿಂತು ಇಣುಕಲೂ ಜಾಗವಿಲ್ಲ. ಇದು ಯಾವ ಊರಿನ ನ್ಯಾಯ, ಮಾನ್ಯರೇ?

ಇರಲಿ, ಉಪಕಾರಗಳ ವಿಷಯಕ್ಕೆ ಬರುತ್ತೇನೆ. ತಮ್ಮ ಮರುಪ್ರವೇಶದ ನಾಟಕ ಸಮುದ್ರದ ನಡುವೆ ಒಬ್ಬಂಟಿಯಾಗಿ ದೀಪಸ್ತಂಭ ಕಾಯುವ ಹೆಂಗಸಿನ ಕಥೆಯೆಂದೂ, ಆ ಪಾತ್ರಕ್ಕೆ ಎಳೆಯ ಪ್ರಾಯದ, ಮಿತಭಾಷಿಯಾದ, ತಿದ್ದಿಸಿಕೊಳ್ಳುವ ಮನಸ್ಸುಳ್ಳ ಹೊಸ ನಟಿಯರು ಒಬ್ಬೊಬ್ಬರಾಗಿ ತಮ್ಮ ಕೋಣೆಯಲ್ಲಿ ಕಾಣಬೇಕೆಂದೂ ತಾವು ಹೊರಡಿಸಿದ ಪ್ರಕಟಣೆ ನೋಡಿದೆವು. ಎರಡು ವರ್ಷ ಮಡಕೆ ಮಾಡಿದರೂ ತಾವು ಕೈಚಳಕ ಮರೆತಿಲ್ಲವೆಂದು ತಿಳಿದು ಪಾಳಿಯವರೆಲ್ಲ ತುರ್ತಾಗಿ ಸೇರಬೇಕಾಯಿತು. ನಮಗೂ ವಯಸ್ಸಾಯಿತು. ಬಡಗಿ ಮಾವನಿಗೆ ಮೊಣಕಾಲು ಹಿಡಿದುಕೊಂಡಿದೆ, ಆದ್ದರಿಂದ ಪಾತ್ರದ ಆಳವನ್ನು ಅವರ ಊಟದ ನಂತರದ ನಿದ್ದೆಯ ಹೊತ್ತಿನಲ್ಲಿ ಚರ್ಚಿಸದಿರುವ ದಯೆ ತೋರಬೇಕು. ಕಿಟಕಿಯ ಅಳತೆ ಎಷ್ಟು ಬಾರಿ ತೆಗೆದರೂ ಅಷ್ಟೇ ಬರುತ್ತಿರುವುದು ಅನುಮಾನಕ್ಕೆ ಎಡೆಯಾಗುವುದರಿಂದ, ಅದು ಆಗಾಗ ಸ್ವಲ್ಪ ಬೆಳೆಯುವಂತೆ ಏರ್ಪಾಡಾಗಬೇಕು. ಇಲ್ಲವೇ ತಮ್ಮ ಕೋಣೆಯನ್ನೇ ಎತ್ತಿ ನಾಲ್ಕು ಬೀದಿ ಕೂಡುವಲ್ಲಿ ಇಟ್ಟುಕೊಂಡರೆ ನಮಗೆ ಪಾಳಿಯ ಹಂಗೇ ಇರುವುದಿಲ್ಲ, ತಮಗೂ ಗಾಳಿ ಬೆಳಕು ಧಾರಾಳ. ಇದೂ ಆಗದಿದ್ದರೆ ತಾವು ಎಲ್ಲಿದ್ದೀರೆಂದು ಎಲ್ಲರಿಗೂ ತಿಳಿಯುವಂತೆ ಕೊರಳಿಗೊಂದು ಸಣ್ಣ ಗಂಟೆ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಮಕಮಲ್ಲಿನ ಪಟ್ಟಿಯನ್ನು ನಾನೇ ಹೊಲಿದುಕೊಡುತ್ತೇನೆ, ಕೆಂಪೋ ನೀಲಿಯೋ ತಿಳಿಸಿ.

ತಮ್ಮಿಂದ ಉತ್ತರ ಬರುವುದು ತಡವಾದೀತೆಂದು ನಾವು ಈ ನಡುವೆ ಸಮಿತಿಯ ಅಧ್ಯಕ್ಷರನ್ನೂ ಕಂಡುಬಂದೆವು. ಆ ಪಾತ್ರ ಚೂಟಿಗೆ ಸಿಗಬೇಕು, ಇನ್ನು ಮುಂದೆ ಯಾವ ಪಾತ್ರವನ್ನೇ ಆಗಲಿ ರಂಗದ ಮೇಲೆ ಎಲ್ಲರೆದುರು ಹಂಚಬೇಕು, ಇಲ್ಲವಾದರೆ ನಾವ್ಯಾರೂ ಕೆಲಸಕ್ಕೆ ಕೈಹಾಕುವುದಿಲ್ಲ ಎಂದೆವು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, ಮನುಷ್ಯ ಬೇರೆ, ಕಲೆ ಬೇರೆ, ಕಲೆ ಎಲ್ಲಕ್ಕಿಂತ ದೊಡ್ಡದು ಎಂದು ಬಹಳ ಹೊತ್ತು ತಿಳಿಹೇಳಿದರು. ಬೆಳಕಿನ ಅಣ್ಣ ಸದಾ ಬಾಯಿಗೆ ಬೀಗ ಹಾಕಿಕೊಂಡಿರುವ ಮನುಷ್ಯ. ಅವರು ಅಂದು, "ಆಯ್ತು ಸರ್, ಹಾಗಿದ್ರೆ ಕಲೆನೇ ಬಂದು ಲೈಟ್ ಹಾಕ್ಲಿ" ಎಂದು ಎದ್ದು ನಿಂತರು. ಅವರ ಹಿಂದೆ ಬಡಗಿ ಮಾವ ಮೊಣಕಾಲು ಹಿಡಿದುಕೊಂಡೇ ಎದ್ದರು, ಪರದೆ ಎಳೆಯುವವರು ಎದ್ದರು, ನಾನೂ ಎದ್ದೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ನಮ್ಮನ್ನು ಮೊದಲ ಸಲ ನೋಡುವವರಂತೆ ನೋಡಿ, ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದರು. ನಾವು ಕೂರಲಿಲ್ಲ. ನಿಂತಿದ್ದಂತೆಯೇ ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು.

ಸುದ್ದಿ ಹೇಳಲು ನಾನೇ ಬಸ್ ನಿಲ್ದಾಣಕ್ಕೆ ಹೋದೆ. ಗಾಜಿನ ಗೂಡಿನೊಳಗೆ ಚೂಟಿ ಮೈಕಿನ ಮುಂದೆ ಕುಳಿತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ, ತಾವು ಮರಳುತ್ತಿರುವುದನ್ನೂ ಮುಚ್ಚಿಡಲಿಲ್ಲ. ಅತ್ತಾಳು, ಇಲ್ಲವೇ ಬೇಡವೆಂದಾಳು ಎಂಬ ಅಳುಕು ನನಗಿತ್ತು. ಅವಳು ಕೂಗುವುದನ್ನೇ ಮರೆತಳು, ಎದುರಿಗೆ ಒಂದು ಬಸ್ಸು ಹೇಳದೆ ಕೇಳದೆ ಹೊರಟೇಹೋಯಿತು. ಆಮೇಲೆ ನನ್ನ ಕಡೆ ತಿರುಗಿ, "ಪಾತ್ರ ಎಷ್ಟು ದೊಡ್ಡದಕ್ಕಾ?" ಎಂದಳು. ಮೊದಲಿಂದ ಕೊನೆವರೆಗೂ ರಂಗದ ಮೇಲೆ ನೀನೊಬ್ಬಳೇ ಕಣೇ ಎಂದೆ. ತಮ್ಮ ವಿಷಯ ಅವಳು ಏನೂ ಕೇಳಲಿಲ್ಲ. ಮೈಕ್ ಆರಿಸದೆಯೇ ಕುರ್ಚಿಯಿಂದ ಎದ್ದಳಾದ್ದರಿಂದ, ಅವಳು ಖುಷಿಗೆ ಹಾಕಿದ ಕೇಕೆ ನಿಲ್ದಾಣದ ತುಂಬ ಕೇಳಿಸಿ, ಸಾಮಾನು ಹೊತ್ತವರೆಲ್ಲ ಯಾವ ಬಸ್ಸು ಬಂತೆಂದು ಓಡಾಡತೊಡಗಿದರು.

ಆದ್ದರಿಂದ ಮಾನ್ಯರೇ, ಸೋಮವಾರದಿಂದ ತಾಲೀಮು. ಅವಳು ಬರುತ್ತಾಳೆ. ಬರುವುದೋ ಬಿಡುವುದೋ ಎಂದು ಈಗ ಯೋಚಿಸಬೇಕಾದವರು ತಾವು.

ಇಂತಿ ತಮ್ಮ ಆಗಮನದ ದಿಕ್ಕಿಗೆ ಒಂದು ಕಣ್ಣಿಟ್ಟೇ ಹೊಲಿಯುತ್ತಿರುವ,
ತಮ್ಮ ವಿಶ್ವಾಸಿ,
ಸೂಜಿಯಕ್ಕ
(ಕದ ತಟ್ಟುವ ಪಾಳಿಯ ಸಮಸ್ತರ ಪರವಾಗಿ)

ತಾ.ಕ.: ಮೊದಲ ಪ್ರದರ್ಶನಕ್ಕೆ ಚೂಟಿಯ ತಾಯಿಯೂ ಬರುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ತಮ್ಮ ಪಕ್ಕದ ಕುರ್ಚಿಯೇ ಬೇಕೆಂದು ಕೇಳಿ ಟಿಕೆಟ್ ತೆಗೆದುಕೊಂಡರು. ನಾಟಕ ನಡೆಯುವಾಗ ತುಟಿ ಬಿಚ್ಚುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾರೆ. ಮಧ್ಯಂತರದ ಬಗ್ಗೆ ಮಾತು ಕೊಟ್ಟಿಲ್ಲ.