ಮಾವನ ಮಚ್ಚೆ ಯಾವ ಕೆನ್ನೆಗೆ

ಅಳಿಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಮಾವ ಸುಳ್ಳು ಹೇಳುತ್ತಿರಲಿಲ್ಲ. "ಮನೇಲೇ ಇರ್ತಾರೆ" ಎನ್ನುತ್ತಿದ್ದರು, ಅಷ್ಟೆ. ಕೇಳಿದವರು ಪಾಪ ಎಂಬಂತೆ ಮುಖ ಮಾಡಿ ಮಾತು ಬದಲಿಸುತ್ತಿದ್ದರು. ಪಕ್ಕದಲ್ಲೇ ನಿಂತಿರುತ್ತಿದ್ದ ಚಿತ್ರಕಾರ ಅಳಿಯ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದ.

ಅವನು ಮನೆಯಲ್ಲೇ ಇರುತ್ತಿದ್ದುದು ನಿಜ. ಆದರೆ ಸುಮ್ಮನೆ ಇರುತ್ತಿರಲಿಲ್ಲ. ಮಕ್ಕಳ ಪುಸ್ತಕಗಳಿಗೆ, ಬಿಸ್ಕತ್ತಿನ ಪೊಟ್ಟಣಗಳಿಗೆ, ಒಮ್ಮೆ ಹಲ್ಲಿನ ಡಾಕ್ಟರೊಬ್ಬರ ಗೋಡೆಗೆ (ಕೈಯಲ್ಲಿ ಬ್ರಷ್ಷು ಹಿಡಿದು ನಗುತ್ತಿರುವ ದವಡೆ ಹಲ್ಲು) ಚಿತ್ರ ಬರೆದುಕೊಟ್ಟವನು. ಎಲ್ಲವನ್ನೂ ಬರೆಯುತ್ತಿದ್ದುದು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ, ಮಸಿಯಿಲ್ಲದ ಪೆನ್ನಿನಲ್ಲಿ. ತೊಂದರೆಯೆಲ್ಲ ಬಂದದ್ದು ಅಲ್ಲಿಂದಲೇ. ಮಾವ ಆಯುಷ್ಯವಿಡೀ ಹೊಲಿಗೆ ಯಂತ್ರ ತುಳಿದವರು. ಕೆಲಸ ಎಂದರೆ ಸಂಜೆಗೆ ಸೊಂಟ ನೋಯಬೇಕು, ನೆಲದ ತುಂಬ ಚಿಂದಿ ಬಿದ್ದಿರಬೇಕು. ಅಂಗಿಗೆ ಒಂದು ಹನಿ ಬಣ್ಣ ತಾಗಿಸಿಕೊಳ್ಳದ ಚಿತ್ರಕಾರನನ್ನು ಅವರು ನಂಬುವುದಾದರೂ ಹೇಗೆ? ಅಳಿಯ ಗಾಜು ಒರೆಸುತ್ತಾ ಕೂತಿರುತ್ತಾನೆ, ಚಿತ್ರ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುತ್ತದೆ ಎಂಬುದು ಅವರ ದೃಢವಾದ ತಿಳಿವಳಿಕೆ. (ಸೊಂಟ ಚಿತ್ರಕಾರನಿಗೂ ನೋಯುತ್ತಿತ್ತು. ಹೇಳಿಕೊಂಡರೆ "ಕೂತು ಕೂತು" ಎಂಬ ಉತ್ತರ ಬರುತ್ತಿತ್ತು.)

ಹೀಗಿರುವಾಗ ಮಾವ ಕಟ್ಟಿ ಬೆಳೆಸಿದ ಟೈಲರ್ ಅಂಗಡಿಗೆ ಹೊಸ ರೂಪ ಬಂತು. ಈಗ ಅದನ್ನು ನಡೆಸುತ್ತಿದ್ದವಳು ಅವರ ಮಗಳು, ಅಂದರೆ ಚಿತ್ರಕಾರನ ಹೆಂಡತಿ. ಗೋಡೆಗೆ ಹೊಸ ಬಣ್ಣ, ಹೊಸ ದೀಪ, ಗಾಜಿನ ಕೌಂಟರು ಎಲ್ಲ ಬಂದವು. ಉಳಿದದ್ದೆಂದರೆ ಮಾವನ ಕಾಲದ ಆಳೆತ್ತರದ ಕನ್ನಡಿ ಒಂದೇ. ಅದರ ಎದುರಿನ ಗೋಡೆ ಬೋಳಾಗಿ ಕಾಣುತ್ತಿತ್ತು. ಅಲ್ಲಿ ಅಪ್ಪನ ಫೋಟೋ ಹಾಕೋಣ ಎಂದಳು ಹೆಂಡತಿ. ಹುಡುಕಿದರೆ ಮದುವೆಯ ಫೋಟೋದಿಂದ ಹಿಡಿದು ಮೊನ್ನೆಮೊನ್ನೆಯದರವರೆಗೆ ಒಂದರಲ್ಲೂ ಮಾವ ಕಣ್ಣು ಬಿಟ್ಟಿರಲಿಲ್ಲ.

"ಕಣ್ಣು ಮುಚ್ಚಿರೋ ಫೋಟೋ ಗೋಡೆಗೆ ಹಾಕಿದ್ರೆ ಜನ ಸಮಾಧಾನ ಹೇಳೋಕೆ ಬರ್ತಾರೆ" ಎಂದರು ಅತ್ತೆ.

ಮಾವ, "ಅಳಿಯಂದ್ರು ಹೇಗೂ ಮನೇಲೇ ಇರ್ತಾರಲ್ಲ. ಅವರೇ ಒಂದು ಬರೀಲಿ ಬಿಡು" ಎಂದುಬಿಟ್ಟರು.

ಚಿತ್ರಕಾರನಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ಈ ಚಿತ್ರವೊಂದು ಸರಿಯಾಗಿ ಬಂದರೆ ಸಾಕು, ಮಾವನ ಬಾಯಿಂದ "ಕೆಲಸ" ಎಂಬ ಮೂರಕ್ಷರ ಬಿದ್ದೇ ಬೀಳುತ್ತದೆ ಎಂದು ಅವನು ಲೆಕ್ಕ ಹಾಕಿದ. ಮದುವೆಯಾದಾಗಿನಿಂದ ಅವನು ಕಾದಿದ್ದು ಅದೊಂದಕ್ಕೇ.

ಮಾವನನ್ನು ಅವರ ಮನೆಯ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದಾಯಿತು. ಕೊರಳಲ್ಲಿ ಅಳತೆ ಟೇಪು, ಎದೆಯ ಎಡಗಡೆ ಜೇಬಿನಲ್ಲಿ ಗುರುತು ಹಾಕುವ ಸೀಮೆಸುಣ್ಣ, ಎಡಬೈತಲೆ, ಬಲಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದಪ್ಪದ ಮಚ್ಚೆ. ಚಿತ್ರಕಾರ ಪೆನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಗಂಭೀರವಾಗಿ ನೋಡಿದ.

"ಅಳತೆ ತಗೊಳ್ಳಲ್ವಾ ಅಳಿಯಂದ್ರೇ?"

"ಕಣ್ಣಳತೆ ಸಾಕು ಮಾವ."

"ಕಣ್ಣಳತೇಲಿ ಹೊಲಿದ ಪ್ಯಾಂಟುಗಳನ್ನ ನಾನು ಬೇಕಾದಷ್ಟು ಬಿಚ್ಚಿ ಹೊಲಿದಿದೀನಿ" ಎಂದ ಮಾವ ಕೊರಳಿನ ಟೇಪು ತೆಗೆದು ಮುಂದೆ ಚಾಚಿದರು. ಚಿತ್ರಕಾರ ಬೇಡ ಎಂದ. ಮೊದಲು ನೀಲಿ ಗೆರೆಯಲ್ಲಿ ಒಂದು ಕಚ್ಚಾ ಚಿತ್ರ, ಅದರ ಮೇಲೆ ಇನ್ನೊಂದು ಪದರದಲ್ಲಿ ಅಚ್ಚುಕಟ್ಟಾದ ಗೆರೆ, ಅದರ ಕೆಳಗೆ ಬಣ್ಣದ ಪದರ, ನೆರಳಿಗೆ ಒಂದು, ಬೆಳಕಿಗೆ ಒಂದು. ಹೀಗೆ ತನ್ನ ವಿದ್ಯೆಯ ರಹಸ್ಯವನ್ನೆಲ್ಲ ಕಾಫಿ ತಂದ ಅತ್ತೆಗೆ ವಿವರಿಸಿದ.

"ತಪ್ಪಾದ್ರೆ ಆ ಪದರ ಮಾತ್ರ ತೆಗೆದು ಹಾಕಬಹುದು ಅತ್ತೆ. ಎರಡು ಬೆರಳಲ್ಲಿ ಹೀಗೆ ಮುಟ್ಟಿದ್ರೆ ಕೊನೇ ಗೆರೆ ಅಳಿಸಿ ಹೋಗುತ್ತೆ."

"ತಪ್ಪು ಮಾಡೋಕೆ ಎಷ್ಟು ಅನುಕೂಲ" ಎಂದು ಅತ್ತೆ ನಿಜವಾಗಿಯೂ ಬೆರಗಾಗಿ ಹೇಳಿದರು. (ಅಳಿಸುವ ಈ ಚಟ ಬೆರಳಿಗೆ ಎಷ್ಟು ಅಂಟಿತ್ತೆಂದರೆ, ಕಾಫಿ ಚೆಲ್ಲಿದಾಗಲೂ ಚಿತ್ರಕಾರ ಎರಡು ಬೆರಳಿಂದ ಮೇಜು ಮುಟ್ಟುತ್ತಿದ್ದ. ಆಮೇಲೆ ಬಟ್ಟೆ ತರುತ್ತಿದ್ದ.) ಅಷ್ಟು ಹೊತ್ತಿಗೆ ಮಾವ ಕಣ್ಣು ಮುಚ್ಚಿ ನಿದ್ದೆ ಹೋಗಿದ್ದರು. ಕಣ್ಣುಗಳನ್ನು ನೆನಪಿನಿಂದಲೇ ಬರೆಯಬೇಕಾಯಿತು.

ಉಳಿದದ್ದನ್ನು ಅವನು ತನ್ನ ಮನೆಯಲ್ಲಿ ಮುಗಿಸಲು ಕೂತ. ಇಲ್ಲಿ ಓದುಗರಿಗೆ ಈ ಕಸುಬಿನ ಒಂದು ಗುಟ್ಟು ಹೇಳಬೇಕು. ಒಂದೇ ಮುಖವನ್ನು ಗಂಟೆಗಟ್ಟಲೆ ನೋಡುತ್ತಿದ್ದರೆ ಅದರ ತಪ್ಪುಗಳು ಕಣ್ಣಿಗೆ ಒಗ್ಗಿಹೋಗುತ್ತವೆ. ಸೊಟ್ಟ ಮೂಗೂ ನೆಟ್ಟಗೆ ಕಾಣತೊಡಗುತ್ತದೆ. ಅದಕ್ಕೆ ಚಿತ್ರಕಾರರು ಒಂದು ಬಟನ್ ಒತ್ತಿ ಇಡೀ ಚಿತ್ರವನ್ನು ಎಡಬಲ ಅದಲುಬದಲು ಮಾಡಿ ನೋಡುತ್ತಾರೆ. ಕನ್ನಡಿಯಲ್ಲಿ ನೋಡಿದ ಹಾಗೆ. ಆಗ ಸೊಟ್ಟ ಮೂಗು ತಾನೇ ಮುಂದೆ ಬಂದು ನಿಲ್ಲುತ್ತದೆ. ತಿದ್ದಿ, ಮತ್ತೊಮ್ಮೆ ಅದೇ ಬಟನ್ ಒತ್ತಿದರೆ ಚಿತ್ರ ಮೊದಲಿನಂತಾಗುತ್ತದೆ.

ಮತ್ತೊಮ್ಮೆ ಒತ್ತಿದರೆ, ಅಷ್ಟೆ.

ನಮ್ಮ ಚಿತ್ರಕಾರ ಆ ದಿನ ಎಷ್ಟು ಸಲ ಒತ್ತಿದನೋ ಅವನಿಗೇ ಗೊತ್ತಿಲ್ಲ. ಕೊನೆಯ ಸಲ ಒತ್ತಿ, ಮೂಗು ತಿದ್ದಿ, ಕಣ್ಣಲ್ಲಿ ಬೆಳಕಿನ ಚುಕ್ಕೆ ಇಡುವಾಗ ಬಾಗಿಲು ಬಡಿದ ಸದ್ದಾಯಿತು. ಎದ್ದು ಹೋಗಿ ಗ್ಯಾಸ್ ಸಿಲಿಂಡರ್ ಒಳಗಿಟ್ಟುಕೊಂಡು ಬಂದ. ಬಂದು ನೋಡಿದರೆ ಮಾವ ಗಾಜಿನೊಳಗಿಂದ ಅವನನ್ನೇ ದಿಟ್ಟಿಸುತ್ತಿದ್ದಾರೆ. ಈ ಜೀವಕಳೆಗೆ ಇನ್ನೊಂದು ಗೆರೆ ಸೇರಿಸಿದರೂ ಪಾಪ ಬರುತ್ತದೆ ಎನಿಸಿ, ಎಲ್ಲ ಪದರಗಳನ್ನೂ ಒಂದೇ ಪದರವಾಗಿ ಬೆಸೆದುಬಿಟ್ಟ. ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೋ ನೋಡಲು ಒಂದು ಸ್ಯಾಂಪಲ್ ತೆಗೆದಿಡಿ ಎಂದು ಫ್ರೇಮಿನ ಅಂಗಡಿಯವನಿಗೆ ಕಳಿಸಿಯೂ ಬಿಟ್ಟ.

ಹೆಂಡತಿ ಊಟಕ್ಕೆ ಬಂದವಳು ಹಿಂದೆ ನಿಂತು ನೋಡಿದಳು. ಬಾಯಲ್ಲಿ ದಾರದ ತುದಿ ಇತ್ತು.

"ಚೆನ್ನಾಗಿದೆ ರೀ. ಮಚ್ಚೆ ಮಾತ್ರ ಆ ಕಡೆ ಕೆನ್ನೆಗೆ ಬರಬೇಕಿತ್ತು."

"ಎದುರಿಗೆ ನಿಂತವರ ಎಡಬಲ ನಮಗೆ ಅದಲುಬದಲಾಗಿ ಕಾಣುತ್ತೆ. ಚಿತ್ರಕಲೆಯಲ್ಲಿ ಇದೆಲ್ಲ ಇರುತ್ತೆ."

"ಚಿತ್ರಕಲೆ ನಂಗೆ ಗೊತ್ತಿಲ್ಲ. ಅಪ್ಪನ ಮಚ್ಚೆ ಗೊತ್ತು. ಚಿಕ್ಕೋಳಿದ್ದಾಗ ಅದನ್ನ ಗುಂಡಿ ಅಂದ್ಕೊಂಡು ಬಿಚ್ಚೋಕೆ ಹೋಗ್ತಿದ್ದೆ."

ಇಂಥ ಸಾಕ್ಷಿಯ ಮುಂದೆ ಯಾವ ವಾದ ನಿಲ್ಲುತ್ತದೆ? ಆದರೆ ಪದರಗಳೆಲ್ಲ ಒಂದಾಗಿದ್ದವು. ಮಚ್ಚೆಯನ್ನು ಎತ್ತಿದರೆ ಕೆನ್ನೆಯಲ್ಲಿ ತೂತು ಬೀಳುತ್ತಿತ್ತು. ಚಿತ್ರಕಾರ ಕುಸುರಿ ಕೆಲಸದವನಂತೆ ಬಾಗಿ ಕೂತು, ಒಂದು ಕೆನ್ನೆಯ ಚರ್ಮವನ್ನು ರಂಧ್ರ ರಂಧ್ರವಾಗಿ ಮತ್ತೆ ಬರೆದು, ಇನ್ನೊಂದು ಕೆನ್ನೆಗೆ ಮಚ್ಚೆಯ ಸ್ಥಾಪನೆ ಮಾಡಿದ.

ಸಂಜೆ ಹೆಂಡತಿ ಕತ್ತರಿ ಹುಡುಕಿಕೊಂಡು ಬಂದಳು. ಹೋಗುವಾಗ, "ಬೈತಲೆ ಈ ಕಡೆ ಅಲ್ವಾ ಅಪ್ಪಂದು?" ಎಂದಳು.

ಮಾವನ ಕೂದಲು ಕಡಿಮೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಒಂದೊಂದನ್ನೂ ಬರೆಯಬೇಕಾದವನಿಗೆ ಅದರ ಸಂಖ್ಯೆ ತಿಳಿಯುತ್ತದೆ. ಬೈತಲೆ ಈ ಬದಿಯಿಂದ ಆ ಬದಿಗೆ ಹೋಗುವಷ್ಟರಲ್ಲಿ ಒಂದು ದಿನವೇ ಕಳೆಯಿತು. ಆಮೇಲೆ ಹೆಂಡತಿ ಚಾಪೆ ಮಡಚುತ್ತಾ ಜೇಬಿನ ಕಡೆ ಬೊಟ್ಟು ಮಾಡಿದಳು. ಜೇಬು, ಅದರೊಳಗಿನ ಸೀಮೆಸುಣ್ಣ, ಅದರ ನೆರಳು, ಮೂರೂ ಸಕಲ ಮರ್ಯಾದೆಗಳೊಂದಿಗೆ ಎದೆಯ ಎಡಗಡೆಗೆ ಸ್ಥಳಾಂತರಗೊಂಡವು. ತನ್ನ ಕೈ ಯಾಕೆ ಹೀಗೆ ಒಂದೊಂದೇ ತಪ್ಪು ಮಾಡಿತು ಎಂದು ಅವನಿಗೆ ಆಶ್ಚರ್ಯವಾಗಿತ್ತು. ವಯಸ್ಸಾಯಿತೋ ಏನೋ ಎಂದು ಕನ್ನಡಕ ಒರೆಸಿಕೊಂಡ. ಕಾರಣ ಕನ್ನಡಕದಲ್ಲಿರಲಿಲ್ಲ.

ಅಂಗಡಿ ತೆರೆಯುವ ಹಿಂದಿನ ದಿನ ಬೆಳಿಗ್ಗೆ ಹೆಂಡತಿ ಕೊನೆಗೂ ನಿಧಾನವಾಗಿ ಕೂತು ನೋಡಿದಳು. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು.

"ಎಲ್ಲಾ ಸರಿಯಾಗಿದೆ. ಆದ್ರೆ ಇದು ಅಪ್ಪ ಅಲ್ಲ. ಚಿಕ್ಕಪ್ಪನ ಥರ ಕಾಣ್ತಾರೆ."

"ಮಚ್ಚೆ ಹಾಕಿದ್ದಾಯ್ತು, ಬೈತಲೆ ತೆಗೆದಿದ್ದಾಯ್ತು, ಜೇಬು ಹೊಲಿದಿದ್ದಾಯ್ತು. ಇನ್ನೇನು ಉಳೀತು?"

"ಅಪ್ಪನಿಗೆ ಹೆಂಗಸರ ಶರ್ಟ್ ಯಾಕೆ ಹಾಕಿದೀರಿ?"

ಚಿತ್ರಕಾರ ಬೆಚ್ಚಿಬಿದ್ದ. ಹೆಂಡತಿ ಗುಂಡಿಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. "ಗಂಡಸರ ಶರ್ಟಿಗೆ ಎಡಗಡೆ ಪಟ್ಟಿ ಮೇಲೆ ಬರುತ್ತೆ. ಇದ್ರಲ್ಲಿ ಬಲಗಡೇದು ಮೇಲಿದೆ."

"ಅದನ್ನ ಯಾರು ನೋಡ್ತಾರೆ ಬಿಡು."

"ಟೈಲರ್ ಅಂಗಡಿ ಕಣ್ರೀ ಅದು. ಬಂದೋರೆಲ್ಲ ಅದನ್ನೇ ನೋಡೋದು."

ಬೈತಲೆಯೂ ಆ ಕಡೆ ಇತ್ತು, ಜೇಬೂ ಆ ಕಡೆ ಇತ್ತು, ಈಗ ಗುಂಡಿಯೂ ಆ ಕಡೆ. ಚಿತ್ರಕಾರ ಆ ಒಂದು ಬಟನ್ ಒತ್ತಿದ. ಚಿತ್ರ ಮಗುಚಿಕೊಂಡಿತು. ಸಾಕ್ಷಾತ್ ಮಾವ! ಅದೇ ಮೂಗು, ಅದೇ ಸ್ವಲ್ಪ ಓರೆಯಾದ ತುಟಿ, ಗಂಡಸರ ಶರ್ಟು. ಆದರೆ ಅಷ್ಟು ಶ್ರಮಪಟ್ಟು ಜಾಗ ಬದಲಿಸಿದ ಮಚ್ಚೆ, ಬೈತಲೆ, ಜೇಬು ಮೂರೂ ಈಗ ತಪ್ಪು ದಿಕ್ಕಿನಲ್ಲಿ ಕೂತಿದ್ದವು. ಒಂದು ಸಲ ಬೆರಳಿಂದ ಮುಟ್ಟಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಅವನು ಕೂದಲು ಕೂದಲಾಗಿ ಹೋರಾಡಿದ್ದ. ಎರಡು ಬೆರಳಿಂದ ಮುಟ್ಟಿ ಮುಟ್ಟಿ ಹಿಂದಕ್ಕೆ ಹೋಗಲು ನೋಡಿದ. ನಿನ್ನೆಯದನ್ನು ಟ್ಯಾಬ್ಲೆಟ್ ಮರೆತಿತ್ತು.

"ಒಳಗಿನ ಮಗ್ಗುಲು ಹೊರಗೆ ಮಾಡಿ ಹೊಲಿದ್ರಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ನಗು ಬರುತ್ತಿದ್ದುದರಿಂದ ದಾರದ ತುದಿಯನ್ನು ಬಾಯಿಂದ ತೆಗೆದಿಟ್ಟಿದ್ದಳು.

"ಬೆಳಕು ಸರಿ ಇರಲಿಲ್ಲ" ಎಂದ ಚಿತ್ರಕಾರ ಮತ್ತೆ ಬಾಗಿ ಕೂತ. ಮಚ್ಚೆ ವಾಪಸ್ಸು ಬಂತು. ಕೂದಲು ವಾಪಸ್ಸು ಬಂತು. ಜೇಬು ವಾಪಸ್ಸು ಬಂತು. ಊಟ ತಟ್ಟೆಯಲ್ಲೇ ಆರಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲ ದಿಕ್ಕಿನಿಂದಲೂ ಸರಿಯಾದ ಮಾವನನ್ನು ಹೊತ್ತುಕೊಂಡು ಫ್ರೇಮಿನ ಅಂಗಡಿಗೆ ಓಡಿದ.

"ನಿಮ್ಮ ಚಿತ್ರನಾ?" ಎಂದ ಅಂಗಡಿಯವನು. "ಅವತ್ತು ಕಳಿಸಿದ್ರಲ್ಲ, ಕಟ್ಟು ಹಾಕಿ ಇಟ್ಟಿದ್ದೆ. ನಿಮ್ಮ ಮಾವನವರೇ ಬಂದು ತಗೊಂಡ್ಹೋದ್ರು."

ಚಿತ್ರಕಾರ ಟೈಲರ್ ಅಂಗಡಿ ಮುಟ್ಟುವಷ್ಟರಲ್ಲಿ ಮಾವ ಮೊಳೆ ಹೊಡೆದು ಮುಗಿಸಿದ್ದರು. ಕನ್ನಡಿಯ ಎದುರು ಗೋಡೆಯ ಮೇಲೆ ತಲೆಯಿಂದ ಗುಂಡಿಯವರೆಗೆ ಪೂರ್ತಿ ಉಲ್ಟಾ ಮಾವ ವಿರಾಜಮಾನರಾಗಿದ್ದರು. ಅದರ ಮುಂದೆ ನಿಜವಾದ ಮಾವ ಕೈಕಟ್ಟಿ ನಿಂತಿದ್ದರು. ಅತ್ತೆ ಒಂದು ಹೆಜ್ಜೆ ಹಿಂದೆ ನಿಂತು, "ಎಲ್ಲೋ ನೋಡಿದ ಹಾಗಿದೆ ಇವರನ್ನ" ಎನ್ನುತ್ತಿದ್ದರು.

"ಅದು ಸ್ಯಾಂಪಲ್ಲು ಮಾವ. ಇಳಿಸಿಬಿಡಿ. ಸರಿಯಾಗಿರೋದು ಇಲ್ಲಿದೆ" ಎಂದು ಚಿತ್ರಕಾರ ಏದುಸಿರು ಬಿಡುತ್ತಾ ಟ್ಯಾಬ್ಲೆಟ್ ಚಾಚಿದ.

ಮಾವ ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ನನ್ನ ತಮ್ಮನ್ನ ಯಾವಾಗ ಕೂರಿಸಿ ಬರೆದ್ರಿ?"

"ಅದು ನೀವೇ ಮಾವ."

"ನನ್ನ ಮುಖ ನಂಗೊತ್ತಿಲ್ವಾ ಅಳಿಯಂದ್ರೇ? ಇಷ್ಟು ವರ್ಷ ಈ ಕನ್ನಡೀಲಿ ದಿನಾ ನೋಡಿದ ಮುಖ" ಎಂದು ಗೋಡೆಯತ್ತ ತಿರುಗಿದರು. "ಇದು ನಾನು. ಗುಂಡಿ ಸಮೇತ ನಾನೇ."

ಆಯುಷ್ಯವಿಡೀ ಬೇರೆಯವರ ಮೈಮೇಲಿನ ಬಟ್ಟೆ ನೋಡುತ್ತಾ ನಿಂತವರು, ಆ ಕನ್ನಡಿಯಲ್ಲಿ ಗಿರಾಕಿಯ ಹಿಂದೆ ತಮ್ಮ ಮುಖವನ್ನೂ ನೋಡಿಕೊಂಡಿದ್ದರು. ಅದೇ ಮುಖ ಈಗ ಚೌಕಟ್ಟಿನೊಳಗೆ ಕಣ್ಣು ಬಿಟ್ಟು ಕೂತಿತ್ತು. ಚಿತ್ರಕಾರನ ಎದೆ ತುಂಬಿ ಬಂತು. ತುಂಬಿದ ಎದೆಯಲ್ಲಿ ಸುಮ್ಮನಿರಬಹುದಿತ್ತು.

"ಬೇಕೂಂತಲೇ ಹಾಗೆ ಬರೆದೆ ಮಾವ" ಎಂದುಬಿಟ್ಟ. "ನಿಮ್ಮ ದೃಷ್ಟಿಯಿಂದ ನಿಮ್ಮನ್ನ ನೋಡಬೇಕು ಅಂತ. ಕಲೆಯಲ್ಲಿ ಅದು ಬಹಳ ಕಷ್ಟದ ವಿಷಯ."

ಹೆಂಡತಿ ಕೌಂಟರಿನ ಹಿಂದೆ ಬಗ್ಗಿ ಸೂಜಿ ಹುಡುಕತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ಮಾವ ಅಳಿಯನನ್ನು ಒಮ್ಮೆ, ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ಒಮ್ಮೆ ನೋಡಿ, ಹೂಂ ಎಂದರು.

ಮರುದಿನದ ಮೊದಲ ಗಿರಾಕಿ ಕೋಟು ಹೊಲಿಸಲು ಬಂದ ವಕೀಲರು. ಶುರುವಿನ ಅಳತೆ ನಾನೇ ತೆಗೀತೀನಿ ಎಂದು ಮಾವ ಟೇಪು ಹಿಡಿದರು. ಕನ್ನಡಿಯ ಮುಂದೆ ಕೈ ಚಾಚಿ ನಿಂತ ವಕೀಲರ ಕಣ್ಣು ತಮ್ಮ ಹೆಗಲ ಮೇಲಿಂದ ಹಾಯ್ದು ಕನ್ನಡಿಯೊಳಗಿನ ಚಿತ್ರಕ್ಕೆ ಬಿತ್ತು.

"ಭೇಷ್. ನಿಮ್ಮನ್ನೇ ತಂದು ಕೂರಿಸಿದ ಹಾಗಿದೆಯಲ್ರೀ. ಯಾರು ಬರೆದದ್ದು?"

"ನಮ್ಮ ಅಳಿಯಂದ್ರು. ಚಿತ್ರ ಬರೆಯೋದೇ ಅವರ ಕೆಲಸ."

ಕೆಲಸ! ಚಿತ್ರಕಾರ ಕೌಂಟರಿಗೆ ಒರಗಿ ನಿಂತಿದ್ದವನು ನೆಟ್ಟಗಾದ. ಅತ್ತೆ ಕೇಳಿಸಿಕೊಂಡರೇ, ಹೆಂಡತಿ ಕೇಳಿಸಿಕೊಂಡಳೇ ಎಂದು ನೋಡಿದ. ಇಬ್ಬರೂ ಕೇಳಿಸಿಕೊಂಡಿದ್ದರು. ವಕೀಲರು ಇನ್ನೂ ಹತ್ತಿರದಿಂದ ನೋಡೋಣವೆಂದು ಹಿಂದಕ್ಕೆ ತಿರುಗಿ ನೇರವಾಗಿ ಚಿತ್ರದತ್ತ ನೋಡಿದರು. ಹುಬ್ಬು ಗಂಟಿಕ್ಕಿತು.

"ಇಲ್ಲಿಂದ ನೋಡಿದ್ರೆ ಬೇರೆ ಯಾರೋ ಅನಿಸುತ್ತಲ್ಲ. ಇದೇನು, ಶರ್ಟು ಹೆಂಗಸರದಾ?"

"ಒಳ್ಳೆ ಕೈ ಅವರದು" ಎಂದರು ಮಾವ, ವಕೀಲರ ಭುಜ ಹಿಡಿದು ಕನ್ನಡಿಯ ಕಡೆಗೇ ತಿರುಗಿಸುತ್ತಾ. "ಸ್ವಲ್ಪ ಉಲ್ಟಾ ಹೊಲೀತಾರೆ, ಅಷ್ಟೆ. ಆಲ್ಟರೇಷನ್ ನಮ್ಮ ಕನ್ನಡಿ ಮಾಡ್ಕೊಳುತ್ತೆ. ನೀವು ಈ ಕಡೆ ನಿಂತ್ಕೊಳ್ಳಿ."

ಚಿತ್ರಕಾರನ ಎರಡು ಬೆರಳು ತಾವಾಗಿಯೇ ಕೌಂಟರಿನ ಗಾಜನ್ನು ಮುಟ್ಟಿದವು. ಎರಡನೆಯ ಮಾತನ್ನು ಅಳಿಸಿ ಮೊದಲನೆಯದನ್ನು ಮಾತ್ರ ಉಳಿಸಿಕೊಳ್ಳಬೇಕಿತ್ತು. ಆ ಗಾಜಿಗೆ ಅಷ್ಟು ವಿದ್ಯೆ ಬರುತ್ತಿರಲಿಲ್ಲ.