ಅತ್ತೆಯ ತುರುಬಿನಲ್ಲಿ ಆದಿಲ್‌ಶಾಹಿ

ಮನುಷ್ಯನ ಗುಣ ತಿಳಿಯಬೇಕಾದರೆ, ಯೋಚಿಸಲು ಪುರಸೊತ್ತಿಲ್ಲದಾಗ ಅವನ ಕೈ ಎಲ್ಲಿಗೆ ಹೋಗುತ್ತದೆ ನೋಡಬೇಕು. ನನ್ನ ಕೈ ಹೋದ ಜಾಗ ನೆನೆದರೆ ಈಗಲೂ ಬೆವರುತ್ತೇನೆ.

ನನಗೆ ಸುಲ್ತಾನರ ಕಾಲದ ನಾಣ್ಯಗಳ ಹುಚ್ಚು. ಬಹಮನಿಯವರ ತಾಮ್ರದ ಬಿಲ್ಲೆಗಳು ಸಾಸಿವೆ ಡಬ್ಬಿಯಲ್ಲೂ ಸಿಗತೊಡಗಿದ ಮೇಲೆ ಹೆಂಡತಿ ದೇವರ ಮುಂದೆ ಆಣೆ ಮಾಡಿಸಿದಳು: ಇನ್ನೊಂದು ನಾಣ್ಯ ಒಳಗೆ ಬಂದರೆ ಇದ್ದವೆಲ್ಲ ಗುಜರಿಗೆ. ತಿಂಗಳು ತುಂಬುವ ಮೊದಲೇ ಶಿರಸಿ ಪೇಟೆಯ ಹಳೆ ಸಾಮಾನಿನ ಸಾಹೇಬರು ನನಗೊಂದು ಲಾರಿನ್ ತೋರಿಸಿದರು. ವಿಜಾಪುರದ ಆದಿಲ್‌ಶಾಹಿಗಳ ಬೆಳ್ಳಿ ನಾಣ್ಯವದು, ದುಂಡಗಿರುವುದಿಲ್ಲ. ಬೆಳ್ಳಿತಂತಿಯನ್ನು ನಡುವೆ ಮಡಿಸಿ ಅಕ್ಷರ ಒತ್ತಿರುತ್ತಾರೆ. ನೋಡಿದವರು ಹೇರ್‌ಪಿನ್ ಎನ್ನಬೇಕು. ಹೆಂಡತಿಯ ಕಣ್ಣು ತಪ್ಪಿಸಲು ಇದಕ್ಕಿಂತ ಒಳ್ಳೆಯ ನಾಣ್ಯವನ್ನು ಯಾವ ಸುಲ್ತಾನನೂ ಹೊಡೆಸಿಲ್ಲ ಎಂದು ಬೀಗಿ, ಕೊಂಡು ತಂದು ಕನ್ನಡಿಯ ಮುಂದೆ ಅವಳ ಪಿನ್ನುಗಳ ನಡುವೆಯೇ ಇಟ್ಟೆ.

ಸಿದ್ದಾಪುರದಿಂದ ಅತ್ತೆ, ಅಂದರೆ ಹೆಂಡತಿಯ ಆಯಿ, ಬಂದರು. ಮರುದಿನ ಮಾಗೋಡು ಜಲಪಾತಕ್ಕೆ ಹೊರಟೆವು. ಹೆಂಡತಿ ಕಾರು ನಡೆಸುತ್ತಿದ್ದಳು. ಹಿಂದೆ ಕುಳಿತ ನನಗೆ, ಮುಂದೆ ಕುಳಿತ ಅತ್ತೆಯ ತುರುಬಿನಲ್ಲಿ ಹೊಳೆಯುವ ಲಾರಿನ್ ಕಂಡಿತು.

“ಅತ್ತೆ, ಆ ಪಿನ್ನು ಬ್ಯಾಡ, ತುಕ್ಕು ಹಿಡದ್ದು.”

“ಇರ್ಲಿ ಬಿಡಿ, ಹಳೇದಾದ್ರೂ ಗಟ್ಟಿ ಇದ್ದು. ಈಗಿನ ಪಿನ್ನು ಯನ್ನ ಕೂದ್ಲಲ್ಲಿ ನಿಲ್ತೇ ಇಲ್ಲೆ.”

“ಆಯಿ ಪಿನ್ನಿನ ಮೇಲೆ ನಿಮಗೆಂತಕ್ಕೆ ಕಣ್ಣು?” ಎಂದಳು ಹೆಂಡತಿ. ನಾನು ಕಿಟಕಿಯಾಚೆ ನೋಡಿದೆ.

ಮಾಗೋಡಿನಲ್ಲಿ ಕಟ್ಟೆಯೆಲ್ಲ ಪಾಚಿ. ಎಲ್ಲೋ ಆಳದಲ್ಲಿ ಬೇಡ್ತಿ ಹೊಳೆ ಗುಡುಗುತ್ತಿತ್ತು. ಅತ್ತೆ ಕಂಬಿಯ ಮೇಲೆ ಬಗ್ಗಿದ್ದೇ ತಡ, ಲಾರಿನ್ ತುರುಬಿನ ತುದಿಗೆ ಜಾರಿತು. ನಾನು ಹಾರಿ ಅದರ ಸಮೇತ ತುರುಬನ್ನೇ ಹಿಡಿದೆ. ಅದೇ ಕ್ಷಣ ಅವರ ಕಾಲೂ ಜಾರಿತು! ಅವರ ಭಾರವೆಲ್ಲ ನನ್ನ ಮುಷ್ಟಿಗೆ ಬಂತು. ಹೆಂಡತಿ ಓಡಿಬಂದು ಅವರ ರಟ್ಟೆ ಹಿಡಿದೆಳೆಯುವವರೆಗೆ ನಾನು ಮುಷ್ಟಿ ಸಡಿಲಿಸಲಿಲ್ಲ.

ಅತ್ತೆ ಕುಳಿತು ಸುಧಾರಿಸಿಕೊಂಡು ಮಗಳಿಗೆ ಹೇಳಿದರು: “ಕೂಸೇ, ನಿನ್ನ ಗಂಡ ಇಲ್ದೇ ಹೋಗಿದ್ರೆ ಆನು ಹೊಳೆ ಪಾಲಾಗ್ತಿದ್ದಿ. ಕಾಲು ಜಾರೂಕೆ ಮೊದ್ಲೇ ಹಿಡದ್ದ ನೋಡು!”

ಈಗ ಅತ್ತೆ ಆ ಪಿನ್ನು ತೆಗೆಯುವುದೇ ಇಲ್ಲ. ಅದು ಜೀವ ಉಳಿಸಿದ ಪಿನ್ನಂತೆ. ಹೆಂಡತಿಯೂ ಕರಗಿ, “ಬೇಕಾದ್ರೆ ಒಂದು ನಾಣ್ಯ ತಗಳಿ, ಆಣೆ ಮನ್ನಾ” ಎಂದಿದ್ದಾಳೆ. ಈಗ ಲಾರಿನ್ ಕೇಳಬಹುದು. ಕೇಳಿದರೆ ಕೈ ಮೊದಲೇ ತುರುಬಿಗೇಕೆ ಹೋಯಿತೆಂದೂ ಹೇಳಬೇಕು. ಹಾಗಾಗಿ ಸಿದ್ದಾಪುರಕ್ಕೆ ಹೋದಾಗಲೆಲ್ಲ ಅತ್ತೆಯ ಬೆನ್ನ ಹಿಂದೆಯೇ ನಡೆಯುತ್ತೇನೆ. “ಪಾಪ, ಇನ್ನೂ ಹೆದರಿಕೆ ಹೋಗಿಲ್ಲೆ” ಎನ್ನುತ್ತಾರೆ. ಹೋಗಿಲ್ಲ, ನಿಜ. ಕಣ್ಣು ಮುಚ್ಚಿದರೆ ಆ ಕಣಿವೆಯೇ ಕಾಣುತ್ತದೆ. ಕನಸಿನಲ್ಲಿ ಒಮ್ಮೆ ಅತ್ತೆ ಬೀಳುತ್ತಾರೆ, ಒಮ್ಮೆ ಲಾರಿನ್. ಯಾವುದು ಬಿದ್ದಾಗ ಕಿರುಚಿ ಏಳುತ್ತೇನೆಂದು ಮಾತ್ರ ಕೇಳಬೇಡಿ.