ಸೇಫ್ಟಿ ವಾಲ್ವೂ ಹಳೇಬೀಡಿನ ಪ್ರವಾಸವೂ

ಅರಸೀಕೆರೆಯ ಹೊರವಲಯದ ಕೊಬ್ಬರಿ ತುರಿ ಕಾರ್ಖಾನೆಗೆ ನಾನು ಇಂಜಿನಿಯರಾಗಿ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಸೇರಿಸಿದವರು ನನ್ನ ಮಾವ. ಕೊಬ್ಬರಿ ವ್ಯಾಪಾರದ ಮಾವನಿಗೂ ಕಾರ್ಖಾನೆಯ ಯಜಮಾನರಿಗೂ ಹಳೆಯ ಸ್ನೇಹ. "ನಮ್ಮಳಿಯಂದ್ರು ಕೈ ಹಾಕಿದ್ರೆ ಮುಗೀತು" ಎಂದು ಮಾವ ಭರವಸೆ ಕೊಟ್ಟಿದ್ದರಂತೆ. ಮುಗಿಯುವುದಕ್ಕೆ ಎರಡು ಅರ್ಥವಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ!

ತುರಿ ಒಣಗಿಸುವ ಹಬೆ ತಣಿದು ನೀರಾಗುತ್ತದಲ್ಲ, ಆ ಬಿಸಿನೀರನ್ನು ಬಾಯ್ಲರಿಗೆ ಮರಳಿಸುವ ಹೊಸ ವ್ಯವಸ್ಥೆಯೊಂದು ತಯಾರಾಗುತ್ತಿತ್ತು. ನೀರು ಮೊದಲು ಒಂದು ಗಟ್ಟಿಮುಟ್ಟಾದ ಪಾತ್ರೆಯಲ್ಲಿ ಸೇರಿ, ಅಲ್ಲಿಂದ ಕಂಟ್ರೋಲ್ ವಾಲ್ವಿನ ಮೂಲಕ ತೆಳು ತಗಡಿನ ಟ್ಯಾಂಕಿಗೆ ಇಳಿಯಬೇಕು. ಟ್ಯಾಂಕಿನೊಳಗೆ ಒತ್ತಡ ಏರಿದರೆ ತಾನಾಗಿ ತೆರೆದು ಅದನ್ನು ಕಾಪಾಡಲು ನೆತ್ತಿಯ ಮೇಲೊಂದು ಸೇಫ್ಟಿ ವಾಲ್ವ್. ಎರಡೂ ವಾಲ್ವುಗಳ ಅಳತೆ ನಿರ್ಧರಿಸುವ ಮಹತ್ಕಾರ್ಯ ನನ್ನ ಪಾಲಿಗೆ ಬಂತು. ಕಂಟ್ರೋಲ್ ವಾಲ್ವ್ ಧಾರಾಳವಾಗಿರಲಿ ಎಂದು ದೊಡ್ಡದನ್ನೇ ತರಿಸಿದೆ. ಸೇಫ್ಟಿ ವಾಲ್ವ್? ಬರುವುದು ನೀರು ತಾನೇ, ಹೆಬ್ಬೆರಳು ಗಾತ್ರದ್ದು ಸಾಕು ಎಂದು ತೀರ್ಪಿತ್ತೆ.

ಹೊಸ ವ್ಯವಸ್ಥೆಯನ್ನು ಚಾಲೂ ಮಾಡುವ ಭಾನುವಾರವೇ ನಮ್ಮ ಹಳೇಬೀಡು–ಬೇಲೂರು ಪ್ರವಾಸ ನಿಗದಿಯಾಗಿತ್ತು. ಹೆಂಡತಿ ಗಿರಿಜೆಗೆ ಮದುವೆಯಾದಾಗಿನಿಂದ ಕೊಡುತ್ತಾ ಬಂದ ಮಾತು.

"ನೀವಿಲ್ದೆ ನಡೆಯುತ್ತೇನ್ರೀ?" ಎಂದಳು.

"ಲೆಕ್ಕ ಸರಿ ಇದ್ಮೇಲೆ ಇಂಜಿನಿಯರ್ ಯಾಕೆ ಬೇಕು?" ಎಂದೆ. ಬಾಯ್ಲರ್ ನೋಡಿಕೊಳ್ಳುವ ಸಿದ್ದಪ್ಪನಿಗೆ ಮಧ್ಯಾಹ್ನ ಶುರು ಮಾಡಲು ಹೇಳಿ, ಮಾವನ ಅಂಬಾಸಿಡರಿನಲ್ಲಿ ಗತ್ತಿನಿಂದ ಕುಳಿತೆ.

ಹಳೇಬೀಡಿನ ದೇವಸ್ಥಾನದ ಗೋಡೆಯ ಆನೆಸಾಲು ನೋಡುತ್ತಾ ಮಾವ ಕೇಳಿದರು: "ಅಳಿಯಂದ್ರೆ, ಇವತ್ತು ಶುರುವಾಗೋ ಆ ಟ್ಯಾಂಕಿಂದ ಏನೂ ಅಪಾಯ ಇಲ್ವಾ?"

ಪಕ್ಕದ ಯಾತ್ರಿಕರಿಗೂ ಕೇಳಿಸುವಂತೆ ವಿವರಿಸಿದೆ. "ಯಾವ ಅಪಾಯ ಮಾವ! ಕಂಟ್ರೋಲ್ ವಾಲ್ವ್ ಕೆಟ್ಟು ತೆರ್‍ಕೊಂಡೇ ನಿಂತ್ರೂ ಚಿಂತೆ ಇಲ್ಲ. ಮೇಲಿನ ಪಾತ್ರೇಲಿರೋ ನೀರೆಲ್ಲ ಟ್ಯಾಂಕಿಗೆ ಇಳಿಯುತ್ತೆ. ನೀರು ಖಾಲಿಯಾಗುತ್ತೆ. ಆಮೇಲೆ..."

"ಆಮೇಲೆ?"

"ಆಮೇಲೆ ಹಬೆ..."

ಬಾಯಿ ತೆರೆದದ್ದು ಹಾಗೇ ಉಳಿಯಿತು. ನೀರು ಖಾಲಿಯಾದ ಮೇಲೆ ಬಾಯ್ಲರಿನ ಹಬೆ ಅಷ್ಟೂ ಒತ್ತಡದಲ್ಲಿ ಆ ದೊಡ್ಡ ವಾಲ್ವಿನಿಂದ ನೇರ ತೆಳು ಟ್ಯಾಂಕಿಗೆ ನುಗ್ಗುತ್ತದೆ! ಒಳಗೆ ಬರಲು ಹೆಬ್ಬಾಗಿಲು, ಹೊರಗೆ ಹೋಗಲು ನಾನಿಟ್ಟದ್ದು ಬೆಳಕಿಂಡಿ! ಟ್ಯಾಂಕಿನ ಪಕ್ಕದಲ್ಲೇ ಸಿದ್ದಪ್ಪ ಕೂರುತ್ತಾನೆ ಎಂಬುದೂ ನೆನಪಾಯಿತು.

ಎಸ್‌ಟಿಡಿ ಬೂತಿಗೆ ಓಡಿದೆ. ಬರಿಗಾಲಲ್ಲಿ ಓಡಿದ್ದು ಅಂಗಾಲು ಸುಟ್ಟ ಮೇಲೆ ತಿಳಿಯಿತು. ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದೆ. ಯಾರೋ ಹೆಂಗಸು "ಮದುವೆ ಮನೆ" ಎಂದರು. ಕೊನೆಗೂ ಕಾರ್ಖಾನೆಯ ವಾಚ್‌ಮನ್ ಕರಿಯಪ್ಪ ಎತ್ತಿದ.

"ಕರಿಯಪ್ಪಾ! ಸಿದ್ದಪ್ಪನಿಗೆ ವಾಲ್ವ್ ಬಂದ್ ಮಾಡೋಕೆ ಹೇಳು!"

"ಯಾವ ವಾಲು ಸಾ? ಇಲ್ಲಿ ರಾಶಿ ಐತೆ."

"ದೊಡ್ಡದು! ದೊಡ್ಡ ವಾಲ್ವ್!"

"ಆಯ್ತು ಬುಡಿ ಸಾ, ನಾನೇ ಮಾಡ್ತೀನಿ" ಎಂದು ಫೋನಿಟ್ಟ. ಅವನೇ ಮಾಡುತ್ತಾನಂತೆ! ಮತ್ತೆ ತಿರುಗಿಸಿದೆ. ಗಂಟೆ ಬಾರಿಸಿತೇ ಹೊರತು ಎತ್ತುವವರಿಲ್ಲ.

"ಬೇಲೂರು ಬೇಡ, ವಾಪಸ್!" ಎಂದು ಘೋಷಿಸಿದೆ.

"ಎಲ್ಲರ ಗಂಡಂದ್ರೂ ಪೂರ್ತಿ ತೋರಿಸ್ತಾರೆ, ನನಗೆ ಮಾತ್ರ ಅರ್ಧ ಪ್ರವಾಸ" ಎಂದಳು ಗಿರಿಜೆ. ಸಿದ್ದಪ್ಪನ ವಿಷಯ ಹೇಳಿದ ಮೇಲೆ ಅವಳೇ ಡ್ರೈವರಿಗೆ "ಬೇಗ ಹೋಗಪ್ಪ" ಎಂದಳು.

ಹಿಂದಿನ ಸೀಟಿನಲ್ಲಿ ಕುಳಿತೇ ನಾನು ದಾರಿಯುದ್ದಕ್ಕೂ ಆಕ್ಸಿಲರೇಟರ್ ಒತ್ತಿದೆ. ಜಾವಗಲ್ ಹತ್ತಿರ ಕುರಿಮಂದೆ ಅಡ್ಡ ಬಂತು. ಇಳಿದು ಹೋಯ್ ಹೋಯ್ ಎಂದು ಕೂಗಿದೆ. ಅಷ್ಟು ಹೊತ್ತೂ ಒಂದೇ ಕಡೆ ಹೋಗುತ್ತಿದ್ದ ಕುರಿಗಳು ನಾಲ್ಕೂ ಕಡೆ ಹೋದವು. ಕುರಿ ಕಾಯುವವನು "ನೀವ್ ಗಾಡೀಲಿ ಕುಂತ್ಕಳಿ ಸಾಮೀ, ನಿಮ್ಮಿಂದ್ಲೇ ತಡ" ಎಂದ.

ಕಾರ್ಖಾನೆ ತಲುಪಿದಾಗ ಟ್ಯಾಂಕ್ ಇತ್ತು. ಸಿದ್ದಪ್ಪನೂ ಇದ್ದ! ಅಪ್ಪಿಕೊಳ್ಳಲು ಹೋದೆ, ಅವನು ಹಿಂದೆ ಸರಿದ. ಮುಖ ಕೆಂಡವಾಗಿತ್ತು. ಕರಿಯಪ್ಪ ಮುಚ್ಚಿದ್ದು ತನಗೆ ಗೊತ್ತಿದ್ದ ಒಂದೇ ದೊಡ್ಡ ವಾಲ್ವನ್ನು, ಅಂದರೆ ಇಡೀ ಕಾರ್ಖಾನೆಯ ನೀರಿನದ್ದನ್ನು. ಬಾಯ್ಲರಿಗೇ ನೀರು ಬರುವುದು ನಿಂತು, ಅದು ಒಣಗಿ ಸಿಡಿಯುವ ಮೊದಲು ಸಿದ್ದಪ್ಪ ಎದ್ದುಬಿದ್ದು ಒಲೆಯ ಬೆಂಕಿಯನ್ನೆಲ್ಲ ಹೊರಗೆಳೆದಿದ್ದ. ಹೊಸ ವ್ಯವಸ್ಥೆಯನ್ನು ಅವನಿನ್ನೂ ಶುರುವೇ ಮಾಡಿರಲಿಲ್ಲ, ಟ್ಯಾಂಕಿಗೆ ಒಂದು ಹನಿ ನೀರೂ ಇಳಿದಿರಲಿಲ್ಲ. ಇಲ್ಲದ ಅಪಾಯಕ್ಕೆ ಫೋನ್ ಮಾಡಿ, ಇರುವ ಅಪಾಯವನ್ನು ನಾನೇ ತಂದಿದ್ದೆ!

ಸುದ್ದಿ ಕೇಳಿ ಬಂದಿದ್ದ ಯಜಮಾನರು ಕರಿಯಪ್ಪನ ಕಡೆ ತಿರುಗಿದರು. "ಏನ್ಲಾ, ಯಾವನ್ಲಾ ನಿಂಗೆ ಹೇಳ್ದೋನು?"

ಮಾವ ನೆಲ ನೋಡುತ್ತಿದ್ದರು. ಗಿರಿಜೆ ನನ್ನನ್ನು ನೋಡುತ್ತಿದ್ದಳು. "ನಾನೇ ಸಾರ್" ಎಂದೆ. ಸೇಫ್ಟಿ ವಾಲ್ವನ್ನು ಬರೀ ನೀರಿಗೆಂದು ಅಳೆದದ್ದನ್ನೂ ಹೇಳಿಬಿಟ್ಟೆ. ಯಜಮಾನರು "ಸರಿಯಾದ್ದು ಬರೋವರ್ಗೂ ಅದನ್ನ ಮುಟ್ಬ್ಯಾಡಿ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಈ ಸಲ ಹಬೆ ಪೂರ್ತಿ ನುಗ್ಗಿದರೂ ಹೊರಹಾಕುವಂತೆ ಲೆಕ್ಕ ಹಾಕಿ, ಚೊಂಬಿನಷ್ಟು ದೊಡ್ಡ ಸೇಫ್ಟಿ ವಾಲ್ವ್ ತರಿಸಿದೆ. ಶುರು ಮಾಡುವ ದಿನ ಮಾವನೂ ಬಂದರು. ಕಂಟ್ರೋಲ್ ವಾಲ್ವ್ ಮೊದಲ ದಿನವೇ ಕಸ ಸಿಕ್ಕಿ ತೆರೆದೇ ನಿಂತಿತು. ನೀರು ಖಾಲಿಯಾಯಿತು. ಹಬೆ ನುಗ್ಗಿತು. ನನ್ನ ಸೇಫ್ಟಿ ವಾಲ್ವ್, ಲೆಕ್ಕದಲ್ಲಿ ಹೇಳಿದ ಒತ್ತಡಕ್ಕೆ ಸರಿಯಾಗಿ, ಭೋರ್ ಎಂದು ತೆರೆದುಕೊಂಡಿತು!

ಆ ಸದ್ದಿಗೆ ಶೆಡ್ಡಿನ ತಗಡೆಲ್ಲ ನಡುಗಿತು. ಸಿದ್ದಪ್ಪ ಹಬೆಯ ಲೈನ್ ಬಂದ್ ಮಾಡಿದ. ಟ್ಯಾಂಕಿಗೆ ಒಂದು ನೆಗ್ಗೂ ಬೀಳಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಏಕೆಂದರೆ ಆಗ ನಾನು ಕಾರ್ಖಾನೆಯ ಗೇಟು ದಾಟಿ ಹಾರನಹಳ್ಳಿ ರಸ್ತೆಯ ಟೀ ಅಂಗಡಿಯ ಬೆಂಚಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದೆ.

ಮಾವ ನಿಧಾನವಾಗಿ ನಡೆದು ಬಂದು, ಬೆಂಚಿನ ಮೇಲೆ ಕುಳಿತು, ಎರಡು ಟೀ ಹೇಳಿದರು.

"ಅಳಿಯಂದ್ರೆ, ಆ ವಾಲ್ವು ಕೆಟ್ಟು ಹಂಗೆ ಕೂಗ್ತೋ, ಸರಿಯಾಗಿದ್ದು ಕೂಗ್ತೋ?"

"ಸರಿಯಾಗಿದ್ದೇ ಮಾವ. ನಾನೇ ಲೆಕ್ಕ ಹಾಕಿದ್ದಲ್ವಾ!" ಎಂದೆ, ಬೆಂಚಿನ ಹಿಂದಿನಿಂದಲೇ.

"ಹಂಗಾದ್ರೆ ಎದ್ದು ಬನ್ನಿ. ಟೀ ಆರ್‍ತದೆ."